ಮನಿಲಾದ ಪಿಂಕ್ಸ್‌ಗೆ ಹಾಟ್‌ಡಾಗ್ ತಿನ್ನಲು ಹೋಗುವವರಿಗೆ

ಮನಿಲಾ ವಿಮಾನ ನಿಲ್ದಾಣದ ಹೊರಬಾಗಿಲಿನಲ್ಲಿ ಬಹಳ ವಿನಯದಿಂದ ನಮ್ಮನ್ನು ಮಾತನಾಡಿಸಿದ ಟ್ಯಾಕ್ಸಿ ಚಾಲಕರೊಬ್ಬರು, ಮೀಟರ್ ಕೆಟ್ಟಿದೆಯೆಂದು ಹೇಳಿ, ಬೊನಿಫಾಸಿಯೊ ಗ್ಲೋಬಲ್ ಸಿಟಿಯವರೆಗಿನ ಸಣ್ಣ ದಾರಿಗೆ 1,500 ಪೆಸೊ ವಸೂಲು ಮಾಡಿದರು. ಹಿಂದಿರುಗುವಾಗ ಅದೇ ದಾರಿಗೆ ಮೊಬೈಲಿನಿಂದ ಗ್ರಾಬ್ ಗಾಡಿ ಕರೆಸಿದೆವು. 300 ಪೆಸೊ ಕೂಡ ಆಗಲಿಲ್ಲ. ಹಾಟ್‌ಡಾಗ್‌ನ ಬಗ್ಗೆ ಬರೆಯಲು ಹೊರಟವಳು ಟ್ಯಾಕ್ಸಿಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಆ 1,200 ಪೆಸೊ ಉಳಿದಿದ್ದರೆ ಇಬ್ಬರೂ ಮುಂದೆ ಹೇಳುವ ಊಟವನ್ನು ಎರಡು ದಿನ ಹೊಟ್ಟೆ ತುಂಬ ಮಾಡಬಹುದಿತ್ತು. ನಿಲ್ದಾಣದ ಒಳಗೇ ಸಿಮ್ ಕೊಂಡು, ಗಾಡಿಯನ್ನು ಗೊತ್ತುಮಾಡಿಕೊಂಡ ನಂತರವೇ ಹೊರಗೆ ಬನ್ನಿ.

ಪಿಂಕ್ಸ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ. 1939ರಲ್ಲಿ ಪಾಲ್ ಮತ್ತು ಬೆಟ್ಟಿ ಪಿಂಕ್ ದಂಪತಿ, ಬೆಟ್ಟಿಯ ತಾಯಿಯಿಂದ 50 ಡಾಲರ್ ಸಾಲ ಪಡೆದು ಒಂದು ತಳ್ಳುಗಾಡಿ ಕೊಂಡು, ಲಾ ಬ್ರಿಯಾ ಮತ್ತು ಮೆಲ್‌ರೋಸ್ ರಸ್ತೆಗಳು ಕೂಡುವಲ್ಲಿ ನಿಲ್ಲಿಸಿ, 10 ಸೆಂಟಿಗೊಂದರಂತೆ ಚಿಲ್ಲಿ ಡಾಗ್ ಎಂಬ ಬಗೆಯ ಹಾಟ್‌ಡಾಗ್ ಮಾರಿದರು. 1946ರಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗದಲ್ಲೇ ಅಂಗಡಿ ಎದ್ದಿತು. ಇಂದಿಗೂ ಅದು ಅಲ್ಲೇ ಇದೆ. ವರ್ಷಗಳ ಹಿಂದೆ ನಾನು ಅಲ್ಲಿ ಸಾಲಿನಲ್ಲಿ ನಿಂತು ತಿಂದಿದ್ದೆ. ಆ ರುಚಿ ಮನಸ್ಸಿನಲ್ಲಿ ಉಳಿದಿದ್ದರಿಂದ, ಕಚೇರಿಯ ಕೆಲಸಕ್ಕೆಂದು ಮನಿಲಾಕ್ಕೆ ಹೋದಾಗ ಅಲ್ಲಿಯೂ ಪಿಂಕ್ಸ್ ಇದೆಯೆಂದು ತಿಳಿದು ಸಹೋದ್ಯೋಗಿ ಗೆಳತಿಯನ್ನು ಕರೆದುಕೊಂಡು ಹೊರಟೆ.

ಬೀದಿಯ ತಳ್ಳುಗಾಡಿಯಿಂದ ಬೆಳೆದ ಈ ಹೆಸರು ಮನಿಲಾದಲ್ಲಿ ನೆಲೆಸಿದ್ದು ಬೊನಿಫಾಸಿಯೊ ಗ್ಲೋಬಲ್ ಸಿಟಿಯ ಶಾಂಗ್ರಿ-ಲಾ ಎಂಬ ಐಷಾರಾಮಿ ಹೋಟೆಲಿನ ಕಟ್ಟಡದಲ್ಲಿ. ಆದರೆ ನನಗೆ ಹೆಚ್ಚು ಅಚ್ಚರಿಯಾದದ್ದು ಆ ನೆಲದ ಚರಿತ್ರೆಯನ್ನು ತಿಳಿದಾಗ. ಗಾಜಿನ ಗೋಪುರಗಳಿಂದ ತುಂಬಿರುವ ಈ ಬಡಾವಣೆ ಇಪ್ಪತ್ತನೆಯ ಶತಮಾನದ ಆರಂಭದಿಂದ ಅಮೆರಿಕದ ಸೈನ್ಯದ ಶಿಬಿರವಾಗಿತ್ತು. ಅದರ ಹೆಸರು ಫೋರ್ಟ್ ಮೆಕಿನ್ಲಿ. ಫಿಲಿಪೀನ್ಸ್ ಸ್ವತಂತ್ರವಾದ ಮೇಲೆ ಅದು ಆ ದೇಶದ ಕೈಗೆ ಬಂದು ಫೋರ್ಟ್ ಬೊನಿಫಾಸಿಯೊ ಆಯಿತು, 1995ರ ಈಚೆಗೆ ಅದರ ಒಂದು ಭಾಗದಲ್ಲಿ ಈ ನಗರ ಎದ್ದಿತು. ಅಂದರೆ ಅಮೆರಿಕದ ಅಡುಗೆ ಈ ನೆಲಕ್ಕೆ ಕಾಲಿಟ್ಟದ್ದು ಪಿಂಕ್ಸ್‌ನ ಜೊತೆಯಲ್ಲಲ್ಲ. ಅದಕ್ಕೂ ಬಹಳ ಹಿಂದೆ, ಸೈನಿಕರ ಜೊತೆಯಲ್ಲಿ. ಹತ್ತಿರದಲ್ಲೇ ಇರುವ ಅಮೆರಿಕನ್ ಸಮಾಧಿ ಭೂಮಿಯಲ್ಲಿ ಎರಡನೆಯ ಮಹಾಯುದ್ಧದ ಸುಮಾರು 17,000 ಸಮಾಧಿಗಳಿವೆ. ಊಟಕ್ಕೆ ಮೊದಲೇ ಅಲ್ಲಿಗೆ ಹೋಗಿಬನ್ನಿ. ನಾವು ನಂತರ ಹೋದೆವು, ತುಂಬಿದ ಹೊಟ್ಟೆಯಲ್ಲಿ ಆ ಬಿಳಿಯ ಶಿಲುಬೆಗಳ ಸಾಲುಗಳ ನಡುವೆ ನಡೆಯುವುದು ನನಗೆ ಸರಿಯೆನಿಸಲಿಲ್ಲ.

ತಿನ್ನುವುದಾದರೆ ಚಿಲ್ಲಿ ಡಾಗ್ ಒಂದನ್ನೇ ತಿನ್ನಿ. ಚಿಲ್ಲಿ ಎಂದರೆ ಇಲ್ಲಿ ಮೆಣಸಿನಕಾಯಿಯಲ್ಲ. ಕೊಚ್ಚಿದ ದನದ ಮಾಂಸವನ್ನು ಮಸಾಲೆಯೊಡನೆ ಬೇಯಿಸಿದ, ಖೀಮಾದಂತಹ ಗಟ್ಟಿ ಗೊಜ್ಜು. ಸಾಸೇಜ್ ಕೂಡ ದನದ ಮಾಂಸದ್ದೇ ಆಗಿರುವುದರಿಂದ, ದನದ ಮಾಂಸ ತಿನ್ನದವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸಾಸೇಜಿನ ಹೊರಪದರ ಕಚ್ಚಿದೊಡನೆ ಪಟ್ಟೆಂದು ಒಡೆಯಬೇಕು, ಅದರ ಮೇಲೆ ಸಾಸಿವೆಯ ಚಟ್ನಿ, ಚಿಲ್ಲಿ, ಹಸಿ ಈರುಳ್ಳಿ. ಪಿಂಕ್ಸ್‌ನ ಕೀರ್ತಿ ನಿಂತಿರುವುದು ಈ ನಾಲ್ಕರ ಮೇಲೆ. ನನಗೆ ಇಲ್ಲಿ ಅದೇ ಸದ್ದು, ಅದೇ ರುಚಿ ಸಿಕ್ಕಿತು. ಬೇಕನ್, ಚೀಸ್ ಎಲ್ಲವನ್ನೂ ಪೇರಿಸಿದ ದೊಡ್ಡ ದೊಡ್ಡ ಹೆಸರಿನ ಬಗೆಗಳಲ್ಲಿ ಸಾಸೇಜ್ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆಂಬುದು ನನ್ನ ಅಭಿಪ್ರಾಯ. ಸಸ್ಯಾಹಾರಿಯಾದ ಗೆಳತಿ ಕರಿದ ಈರುಳ್ಳಿ ರಿಂಗ್ಸ್ ಮತ್ತು ಆಲೂಗಡ್ಡೆಯಲ್ಲಿ ತೃಪ್ತಿಪಟ್ಟರು. ಅಂಥವರನ್ನು ಊಟದ ಹೊತ್ತಿನಲ್ಲಿ ಇಲ್ಲಿಗೆ ಕರೆತರಬೇಡಿ, ಸಂಜೆಯ ತಿಂಡಿಗೆ ಕರೆತನ್ನಿ.

ನನಗೆ ಜನಜಂಗುಳಿ ಆಗಿಬರುವುದಿಲ್ಲ, ಆದ್ದರಿಂದ ವಾರದ ನಡುವೆ ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಗದ್ದಲವನ್ನು ಇಷ್ಟಪಡುವವರು ಶನಿವಾರದ ಸಂಜೆ ಹೋಗಬಹುದು. ಆಗ ಆ ಬಡಾವಣೆಯ ರಸ್ತೆಗಳು ತುಂಬಿರುತ್ತವೆ. ಹೊರಡುವ ಮುನ್ನ ಅಂಗಡಿ ತೆರೆದಿದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಮೆನುವಿನ ಕೊನೆಯ ಸಾಲನ್ನೂ ಓದಿ, ಏಕೆಂದರೆ ಫಿಲಿಪೀನ್ಸ್‌ನ ಹೋಟೆಲ್ ಕಟ್ಟಡಗಳಲ್ಲಿ ಬಿಲ್ಲಿನ ಮೇಲೆ ಸೇವಾ ಶುಲ್ಕ ಸೇರುವುದು ಸಾಮಾನ್ಯ.

ಈಗ ಆ ಇನ್ನೊಂದು ಊಟದ ವಿಷಯ. ಮರುದಿನ ಶುಕ್ರವಾರ, ಗ್ವಾಡಲೂಪೆ ಮೆಟ್ರೊ ನಿಲ್ದಾಣದ ಸಮೀಪದ ಗಲ್ಲಿಯಲ್ಲಿ ಒಂದು ಕಾರಿಂಡೇರಿಯಾ ಕಂಡಿತು. ನಮ್ಮ ಖಾನಾವಳಿಯಂತಹ ಜಾಗ. ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಬೇಕಾದದ್ದನ್ನು ಬೆರಳಿನಿಂದ ತೋರಿಸಿದರಾಯಿತು. ನಾನು ತೋರಿಸಿದ್ದು ಹಾಟ್‌ಸಿಲಾಗ್: ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಂದು ಮೊಟ್ಟೆ, ಪಕ್ಕದಲ್ಲಿ ಕೆಂಪಗೆ ಹೊಳೆಯುವ ಹಾಟ್‌ಡಾಗ್. ಬ್ರೆಡ್ಡಿನ ಸುಳಿವೇ ಇಲ್ಲ. ನೆಂಚಿಕೊಳ್ಳಲು ಬಾಳೆಹಣ್ಣಿನ ಕೆಚಪ್ ಇತ್ತು. ಟೊಮೆಟೊ ಸಿಗದ ಕಾಲಕ್ಕೆ ಅಲ್ಲಿನ ನೆಲದಲ್ಲೇ ಬೆಳೆಯುವ ಬಾಳೆಯಿಂದ ಇದನ್ನು ರೂಪಿಸಿದ ಶ್ರೇಯಸ್ಸು ಆಹಾರ ವಿಜ್ಞಾನಿ ಮರಿಯಾ ಒರೋಸಾ ಅವರಿಗೆ ಸಲ್ಲುತ್ತದೆ. ಅವರು 1945ರ ಫೆಬ್ರುವರಿಯಲ್ಲಿ ಮನಿಲಾ ಕದನದ ಸಮಯದಲ್ಲಿ ಪ್ರಾಣ ಕಳೆದುಕೊಂಡರು. ಸೈನಿಕರೊಡನೆ ಬಂದ ತಿಂಡಿಯೊಂದು ಅನ್ನ, ಬೆಳ್ಳುಳ್ಳಿ, ಬಾಳೆಗಳ ನಡುವೆ ಹೀಗೆ ಮನೆಯ ಮಗುವಾಗಿರುವುದನ್ನು ನೋಡಿದ ಮೇಲೆ, ಪಿಂಕ್ಸ್‌ಗೆ ಹೋಗುವವರು ಇದನ್ನೂ ತಿನ್ನದೆ ಹಿಂದಿರುಗಬಾರದೆಂದು ನನಗೆ ಅನ್ನಿಸಿತು.

ಗೆಳತಿಗೆ ಅಲ್ಲಿ ಸಿಕ್ಕಿದ್ದು ಮುಂಗ್ಗೊ. ಮುಚ್ಚಳ ತೆಗೆದಾಗ ಇಬ್ಬರೂ ಒಟ್ಟಿಗೆ ಮುಖ ನೋಡಿಕೊಂಡೆವು, ಏಕೆಂದರೆ ಅದು ಹೆಸರುಕಾಳಿಗೆ ನುಗ್ಗೆಸೊಪ್ಪು ಹಾಕಿದ ಸಾರು. ನುಗ್ಗೆಗೆ ಅಲ್ಲಿ ಮಲುಂಗ್ಗಾಯ್ ಎನ್ನುತ್ತಾರೆ. ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ರೂಢಿಯಿಂದಾಗಿ ಅಂದು ಈ ಸಾರು ಮಾಡುವುದು ಅಲ್ಲಿನ ಅಭ್ಯಾಸ. ಆದರೂ ಅದಕ್ಕೆ ಸೀಗಡಿಯನ್ನೋ ಹಂದಿಮಾಂಸದ ಚೂರುಗಳನ್ನೋ ಹಾಕುವವರಿದ್ದಾರೆ. ಅಲ್ಲಿನ ಭಾಷೆಯಲ್ಲಿ ಕಾರ್ನೆ ಎಂದರೆ ಮಾಂಸ ಮಾತ್ರ; ಇಸ್ಡಾ ಎಂದರೆ ಮೀನು, ಹೀಪೊನ್ ಎಂದರೆ ಸೀಗಡಿ. ಮೂರು ಪದಗಳಿಗೂ ಮೊದಲು ಇಲ್ಲ ಎಂಬರ್ಥದ ‘ವಾಲಾಂಗ್’ ಸೇರಿಸಿ, ಇಲ್ಲವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಅಂಗಡಿಯ ಅಮ್ಮ ನಮಗಾಗಿ ಒಗ್ಗರಣೆಗೆ ಮುಂಚಿನ ಬರಿಯ ಬೇಳೆಯನ್ನು ಬೇರೆ ತೆಗೆದು, ಉಪ್ಪು ಮತ್ತು ಕಲಮಾನ್ಸಿ ನಿಂಬೆಯ ರಸ ಸೇರಿಸಿ, ಎರಡನೆಯ ಸಲ ಕೇಳದೆಯೇ ಬಡಿಸಿದರು. ಇಬ್ಬರ ಊಟಕ್ಕೆ 260 ಪೆಸೊ ಆಯಿತು.

ಮಧ್ಯಾಹ್ನ ಹನ್ನೆರಡರ ನಂತರ ಆ ಗಲ್ಲಿಯಲ್ಲಿ ಕೆಲಸಗಾರರು ತುಂಬಿಕೊಳ್ಳುತ್ತಾರೆ ಮತ್ತು ಮುಂಗ್ಗೊ ಪಾತ್ರೆಯೇ ಮೊದಲು ಬರಿದಾಗುತ್ತದೆ. ಹನ್ನೊಂದಕ್ಕೇ ಹೋಗಿ, ಕೈಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.