ಗಾರ್ಡ್ ಹಾಕಿಸಿದ್ದೀವಿ, ಆದ್ರೂ ಯಾಕೆ ತೆಗೆದಿಡ್ತಾರೆ?

ದಾವಣಗೆರೆ, ಹರಿಹರದ ಕಡೆ ರೈಸ್ ಮಿಲ್ಲು, ಸಣ್ಣ ಫ್ಯಾಕ್ಟರಿಗಳಿಗೆ ಸೇಫ್ಟಿ ತರಬೇತಿ ಕೊಡಲು ಹೋಗುತ್ತಿರುತ್ತೇನೆ. ಮಾಲೀಕರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಸಾರ್, ಹೆಲ್ಮೆಟ್ ಕೊಡಿಸಿದ್ದೀವಿ, ಮಷಿನ್‌ಗೆ ಕೈ ಸಿಕ್ಕಿಕೊಳ್ಳದ ಹಾಗೆ ಮುಚ್ಚೋ ಗಾರ್ಡ್ ಹಾಕಿಸಿದ್ದೀವಿ, ಗೋಡೆ ತುಂಬ ಬೋರ್ಡ್ ಬರೆಸಿದ್ದೀವಿ. ಆದ್ರೂ ನಮ್ಮ ಹುಡುಗರು ಯಾಕೆ ಪಾಲಿಸಲ್ಲ?"

ಹುಡುಗರಿಗೆ ಅಸಡ್ಡೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಪಾಯ ಕಂಡು ಮಷಿನ್ ನಿಲ್ಲಿಸಿದವನಿಗೆ ಏನಾಗುತ್ತದೆ ಅಂತ ಅವರು ದಿನಾ ನೋಡುತ್ತಾರೆ. ಬೋರ್ಡ್ ಓದಿ ಕಲಿಯುವುದಕ್ಕಿಂತ ಅದನ್ನು ನೋಡಿ ಕಲಿಯುವುದೇ ಜಾಸ್ತಿ.

ಒಂದು ಮಿಲ್ಲಿನಲ್ಲಿ ಭತ್ತ ಮೇಲಕ್ಕೆತ್ತುವ ಎಲಿವೇಟರ್ ಬೆಲ್ಟಿನ ಗಾರ್ಡ್ ಗೋಡೆಗೆ ಒರಗಿತ್ತು. ಮೇಲೆ ತೌಡಿನ ಧೂಳು ದಪ್ಪಗೆ ಕೂತಿತ್ತು. ಪಕ್ಕದಲ್ಲೇ ಪುಲ್ಲಿ ಯಾವ ಮರೆಯೂ ಇಲ್ಲದೆ ತಿರುಗುತ್ತಿತ್ತು. ಯಾಕಪ್ಪಾ ಅಂದರೆ ಆಪರೇಟರ್ ಹೇಳಿದ: "ಬೆಲ್ಟ್ ಜಾರಿದಾಗಲೆಲ್ಲ ಎಂಟು ಬೋಲ್ಟ್ ಬಿಚ್ಚಬೇಕು ಸಾರ್. ಅಷ್ಟೊತ್ತಿಗೆ ಹೊರಗೆ ಲಾರಿ ಕಾಯ್ತಿರುತ್ತೆ, ಮೇಸ್ತ್ರಿ ಕೂಗ್ತಿರ್ತಾರೆ." ಗಾರ್ಡ್ ಮಾಡಿಸುವಾಗ ಇವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಬಾಗಿಲಿನಂತೆ ತೆರೆಯುವ ಗಾರ್ಡ್ ಮಾಡಿಸಿ, ತೆರೆದ ಕೂಡಲೇ ಮೋಟಾರ್ ನಿಲ್ಲುವಂತೆ ಒಂದು ಸ್ವಿಚ್ ಕೊಡಬಹುದಿತ್ತು. ಆದರೆ ಅಂಥ ಸ್ವಿಚ್ಚನ್ನೂ ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿಟ್ಟದ್ದನ್ನು ಬೇರೆ ಕಡೆ ನೋಡಿದ್ದೇನೆ. ಕೂಗಾಟ ಹಾಗೇ ಇದ್ದರೆ ಸ್ವಿಚ್ ಎಷ್ಟು ದಿನ ಉಳಿಯುತ್ತದೆ?

ದೊಡ್ಡ ಕಂಪನಿಗಳಲ್ಲೂ ಇದೇ ಕಥೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲ ಸೋರಿದಾಗ ಸುರಕ್ಷತಾ ಸಾಧನಗಳು ಇರಲಿಲ್ಲವೇ? ಇದ್ದವು. ಟ್ಯಾಂಕ್ ತಂಪಾಗಿಡುವ ಘಟಕವನ್ನು ತಿಂಗಳುಗಳ ಹಿಂದೆಯೇ ಬಂದ್ ಮಾಡಿದ್ದರು. ಅನಿಲ ಸುಡುವ ಗೋಪುರ ರಿಪೇರಿಗೆಂದು ನಿಂತಿತ್ತು. ಪಾಳಿಯ ಆಪರೇಟರ್‌ಗಳ ಸಂಖ್ಯೆಯನ್ನೂ ಇಳಿಸಿದ್ದರು. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, ಇಷ್ಟು ಚಳಿಯಲ್ಲಿ ರಾಕೆಟ್ಟಿನ ಜೋಡಣೆ ಸೋರದಂತೆ ಮುಚ್ಚುವ ರಬ್ಬರ್ ಉಂಗುರ ಕೈಕೊಡಬಹುದು ಅಂತ ಎಂಜಿನಿಯರ್‌ಗಳು ಗೋಗರೆದರು. ಮ್ಯಾನೇಜರ್‌ಗಳು ಒಪ್ಪಲಿಲ್ಲ. ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳು ಜನ ತೀರಿಕೊಂಡರು. ಎರಡೂ ಕಡೆ ತಿಳಿವಳಿಕೆಗೇನೂ ಕೊರತೆ ಇರಲಿಲ್ಲ. ಬೇಡ ಅಂದವರ ಮಾತಿಗೆ ಬೆಲೆ ಇರಲಿಲ್ಲ.

ನಮ್ಮಲ್ಲಿ ಯಾರದೋ ಕೈ ಕೂದಲೆಳೆಯಲ್ಲಿ ಉಳಿದರೆ "ದುಗ್ಗಮ್ಮ ಕಾಪಾಡಿದಳು" ಅಂತ ಕೈ ಮುಗಿದು ಕೆಲಸ ಮುಂದುವರಿಸುತ್ತಾರೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಏನಾಯ್ತು ಅಂತ ಬರೆದಿಡುವವರಿಲ್ಲ. ಹೇಳಿದವನೇ ಬೈಸಿಕೊಳ್ಳಬೇಕು, ಅದಕ್ಕೇ ಸುಮ್ನಿರುತ್ತಾರೆ. ನಾಳೆ ಅದೇ ಜಾಗದಲ್ಲಿ ಇನ್ನೊಬ್ಬನ ಬೆರಳು ಹೋಗುತ್ತದೆ.

ಟೊಯೊಟಾ ಕಾರ್ಖಾನೆಗಳಲ್ಲಿ ತೊಂದರೆ ಕಂಡರೆ ಯಾವ ಕೆಲಸಗಾರನಾದರೂ ಲೈನಿನ ಪಕ್ಕ ಕಟ್ಟಿದ ಹಗ್ಗ ಎಳೆಯಬಹುದು, ಈಗ ಕೆಲವು ಕಡೆ ಹಗ್ಗದ ಬದಲು ಗುಂಡಿ ಇದೆ. ಮೇಲ್ವಿಚಾರಕ ಓಡಿ ಬರುತ್ತಾನೆ, ಅಲ್ಲೇ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದಕ್ಕೆ ಏನು ಮಹಾ ಖರ್ಚು? ಎಳೆದವನನ್ನು ಬೈಯದೇ ಇರುವುದೇ ಕಷ್ಟ.

ಹಾಗಾಗಿ ಮಾಲೀಕರಿಗೆ ನಾನು ಮೊದಲು ಹೇಳುವುದು ಕೂಲಿಯ ವಿಷಯ. ಚೀಲದ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಮಷಿನ್ ನಿಂತಷ್ಟು ಹೊತ್ತು ಕೆಲಸಗಾರನ ಹೊಟ್ಟೆಗೇ ಹೊಡೆತ. ಅವನು ಯಾಕೆ ನಿಲ್ಲಿಸುತ್ತಾನೆ ಹೇಳಿ? ಅಪಾಯ ಕಂಡು ನಿಲ್ಲಿಸಿದ ಹೊತ್ತಿಗೂ ಕೂಲಿ ಕೊಡಿ. ಶನಿವಾರ ಬಟವಾಡೆ ಮಾಡುವಾಗ ಅವನ ಹೆಸರು ಹಿಡಿದು, ಎಲ್ಲರೆದುರು, ಮೇಸ್ತ್ರಿಯ ಎದುರೂ "ಒಳ್ಳೇದು ಮಾಡಿದೆ" ಅನ್ನಿ. ಗಾರ್ಡಿನ ಮಾತು ಆಮೇಲೆ ಕೂತು ಆಡೋಣ, ಆ ಆಪರೇಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡು.