ಭಾರ ಯಾರ ಮೇಲೆ ಹಾಕುತ್ತೀಯ?

ದೇವರನ್ನೂ ಪುನರ್ಜನ್ಮವನ್ನೂ ನಂಬದವನು ‘ಒಳ್ಳೆಯದಾಗುತ್ತದೆ’ ಎಂದು ಯಾವ ಧೈರ್ಯದಿಂದ ಹೇಳುತ್ತಾನೆ ಎಂದು ಶಿರಸಿ ಸೀಮೆಯ ನನ್ನ ನೆಂಟರಲ್ಲಿ ಕೇಳದವರು ಕಡಿಮೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಹೆಚ್ಚು ಕಿರಿಕಿರಿ. ಕಳೆದ ವರ್ಷ ಆಷಾಢದಲ್ಲಿ ಒಂದು ಶ್ರಾದ್ಧದ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ಇಡೀ ಪಂಕ್ತಿಗೆ ಕೇಳುವಂತೆ, “ದೇವರೇ ಇಲ್ಲ ಎಂದ ಮೇಲೆ ಭಾರ ಯಾರ ಮೇಲೆ ಹಾಕುತ್ತೀಯ ತಮಾ?” ಎಂದರು. ನಂಬಿಕೆಯಿಲ್ಲದವನ ಗಂಟಲಲ್ಲಿ ಶ್ರಾದ್ಧದ ವಡೆ ಮಾತ್ರ ಹೇಗೆ ಇಳಿಯುತ್ತದೆ ಎಂದು ಕೇಳಿದ್ದರೆ ನಾನು ನಿಜಕ್ಕೂ ನಿರುತ್ತರನಾಗುತ್ತಿದ್ದೆ.

ಹದಿನೈದು ದಿನಗಳಿಂದ ಬಿಡದ ಮಳೆಗೆ ನನ್ನ ಅಡಿಕೆ ತೋಟದಲ್ಲಿ ಆಗಷ್ಟೇ ಕಾಯಿ ಉದುರಿಸುವ ಕೊಳೆ ರೋಗ ಕಾಣಿಸಿಕೊಂಡಿತ್ತು. ಉಳಿದ ಅಡಿಕೆ ಗೊನೆಗಳನ್ನಾದರೂ ಉಳಿಸಿಕೊಳ್ಳಬಹುದು ಎಂದು ನಾನು ಎಣಿಸಿದ್ದರಿಂದಲೇ ಮರುದಿನ ಮಳೆ ಹೊಳವಾದ ಕೂಡಲೇ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೆರೆಸಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿದೆ. ಅದು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ನನ್ನ ಭರವಸೆ ಇಷ್ಟೇ: ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬಹುದು. ಎಲ್ಲ ಮುಗಿಯಿತು ಎಂದುಕೊಂಡವನು ಕತ್ತಿಯನ್ನು ಅದ್ದುವುದೇ ಇಲ್ಲ. ಅಂದ ಹಾಗೆ, ಮಾರಿಕಾಂಬೆಯ ಮೇಲೆ ಭಾರ ಹಾಕಿದ ದೊಡ್ಡಪ್ಪನೂ ಬೋರ್ಡೋ ಹೊಡೆಸುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ.

ಕಣ್ಣು ಮುಚ್ಚಿ ಬಂಗಾರದ ಫಸಲನ್ನು ಕಲ್ಪಿಸಿಕೊಳ್ಳಿ ಎನ್ನುವ ಭಾಷಣಕಾರರ ಸಾಲಿಗೂ ನನ್ನನ್ನು ಸೇರಿಸಬೇಡಿ. ಜರ್ಮನಿಯ ಮನೋವಿಜ್ಞಾನಿ ಗೇಬ್ರಿಯೇಲ್ ಓಟಿಂಗನ್ ಮತ್ತು ಅವರ ಸಹೋದ್ಯೋಗಿ ತೂಕ ಇಳಿಸಲು ಹೊರಟ ಮಹಿಳೆಯರ ಬಗ್ಗೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನ್ನಿಂದ ಇದು ಸಾಧ್ಯವೆಂದು ನಿರೀಕ್ಷಿಸಿದವರ ತೂಕ ಹೆಚ್ಚು ಇಳಿದಿತ್ತು. ತೆಳ್ಳಗಾದ ತಮ್ಮನ್ನು ಸುಖವಾಗಿ ಕನಸು ಕಂಡವರದು ಕಡಿಮೆ ಇಳಿದಿತ್ತು. ನಿರೀಕ್ಷೆ ಮೈಬಗ್ಗಿಸುತ್ತದೆ, ಕನಸು ಕೆಲಸ ಆಗಿಯೇ ಹೋಯಿತೆಂಬಂತೆ ಮೈಯನ್ನು ಸಡಿಲ ಬಿಡುತ್ತದೆ. ಇದಕ್ಕೆ ಆತ್ಮ, ಪರಮಾತ್ಮರ ಹಂಗಿಲ್ಲ.

ಇಷ್ಟೆಲ್ಲ ಕೇಳುವವರು ‘ಅಷ್ಟಾದ ಮೇಲೂ ಒಳ್ಳೆಯದಾಗದಿದ್ದಾಗ ಏನು ಮಾಡಿದೆ?’ ಎಂದು ಯಾಕೆ ಕೇಳುವುದಿಲ್ಲವೋ ತಿಳಿಯದು. ಆ ಸಲ ಹಳ್ಳದ ಅಂಚಿನ ತೋಟದ ಫಸಲು ಹೆಚ್ಚುಕಡಿಮೆ ಪೂರ್ತಿ ಉದುರಿತು. ಒಂದು ರಾತ್ರಿ ಉಣ್ಣದೆ ಮಲಗಿದೆ. ಬೆಳಿಗ್ಗೆ ಎದ್ದು, ರೋಗ ಹರಡದಿರಲೆಂದು ಬಿದ್ದ ಕೊಳೆ ಅಡಿಕೆಯನ್ನೆಲ್ಲ ಬುಟ್ಟಿಗೆ ಆರಿಸಿದೆ. ಆರಿಸುವಾಗ ನನ್ನಲ್ಲಿ ಯಾವ ಸಕಾರಾತ್ಮಕ ಭಾವನೆಯೂ ಇರಲಿಲ್ಲ, ಸೊಂಟನೋವಿತ್ತು. ಮೊದಲ ಔಷಧಿ ತಡವಾಗಿತ್ತು ಎಂಬುದು ಹೊಳೆದದ್ದು ಆಗಲೇ. ಈ ವರ್ಷ ಆ ಭಾಗಕ್ಕೆ ಮೇ ಕೊನೆಯಲ್ಲೇ ಔಷಧಿ ಹೊಡೆಸಿದ್ದೇನೆ. ಅದಕ್ಕಾಗಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಮನೆಗೆ ಮೂರು ಸಲ ಹೋಗಿ ಕೈಮುಗಿದದ್ದನ್ನು ಪ್ರಾರ್ಥನೆ ಎನ್ನುವುದಾದರೆ ಎನ್ನಿ.