ಅಣ್ಣನ ಕಾಲಿನ ಸೆಳೆತ, ಉಸಿರಿನ ಅಭ್ಯಾಸ: ಇಲ್ಲಿಯವರೆಗೆ

ಕಲಬುರಗಿಯಲ್ಲಿ ಬೆಳಗಿನ ಚಳಿ ಶುರುವಾಗಿದೆ, ಅದರ ಜೊತೆಗೇ ಅಣ್ಣನ ಕಾಲಿನ ಸೆಳೆತವೂ ಜಾಸ್ತಿಯಾಗಿದೆ. ಅವನ ಬೆನ್ನುಹುರಿಗೆ ಪೆಟ್ಟಾಗಿರುವುದು ಟಿ-10 ಹತ್ತಿರ, ಅಂದರೆ ಬೆನ್ನುಮೂಳೆಯ ಎದೆಭಾಗದ ಹತ್ತನೇ ಮಣಿಯ ಹತ್ತಿರ. ಸ್ನಾಯುವನ್ನು ಹತೋಟಿಯಲ್ಲಿಡುವ ಮಿದುಳಿನ ಸಂದೇಶ ಅಲ್ಲಿಂದ ಕೆಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಹಾಸಿಗೆಯಿಂದ ವೀಲ್‌ಚೇರಿಗೆ ಎತ್ತುವಾಗ ಸ್ವಲ್ಪ ಎಳೆತ ಬಿದ್ದರೂ ಸಾಕು, ಕಾಲು ಕೋಲಿನ ಹಾಗೆ ಸೆಟೆಯುತ್ತದೆ, ಪಾದ ಗಡಗಡ ನಡುಗುತ್ತದೆ.

ಈಗ ಮಾಡುತ್ತಿರುವುದು ಇಷ್ಟು. ಅಣ್ಣ ಮೂಗಿನಿಂದ ಮೆಲ್ಲಗೆ ಉಸಿರು ತಗೊಂಡು, ಅದಕ್ಕಿಂತ ನಿಧಾನವಾಗಿ ಬಾಯಿಂದ ಬಿಡುತ್ತಾನೆ, ನಿಮಿಷಕ್ಕೆ ಸುಮಾರು 6 ಉಸಿರು. ಅವನು ಬಿಡುವಾಗ ಮಾತ್ರ ನಾನು ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಬಾಗಿಸುತ್ತೇನೆ, ತಗೊಳ್ಳುವಾಗ ಸುಮ್ನೆ ಹಿಡಿದಿರುತ್ತೇನೆ. ಸ್ಪಾಸ್ಟಿಸಿಟಿ, ಅಂದರೆ ಸ್ನಾಯು ಹೀಗೆ ಸೆಟೆಯುವ ಬಿಗಿತ, ಕೆರಳುವುದೇ ಎಳೆತದ ವೇಗಕ್ಕೆ. ಅವನ ಉಸಿರು ನಿಧಾನವಾದರೆ ನನ್ನ ಕೈಯೂ ನಿಧಾನವಾಗುತ್ತದೆ, ಅರ್ಧ ಲಾಭ ಅದರಿಂದಲೇ ಅಂತ ನನಗನ್ನಿಸುತ್ತದೆ.

ಉಸಿರಿಗೂ ಸ್ನಾಯುವಿಗೂ ನಂಟಿದೆ ಅನ್ನುವುದು ಬರೀ ನಂಬಿಕೆ ಅಲ್ಲ. ಅಮೆರಿಕದ ಶೆಂಗ್ ಲಿ ಅನ್ನುವ ವೈದ್ಯರ ತಂಡ ಬ್ರೀಸ್ಟಿಮ್ ಅನ್ನುವ ವಿಧಾನದ ಮೇಲೆ ಕೆಲಸ ಮಾಡಿದೆ. ರೋಗಿ ಜೋರಾಗಿ ಉಸಿರು ಎಳೆದ ಕ್ಷಣಕ್ಕೇ ಬೆರಳು ಬಿಚ್ಚುವ ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುತ್ತಾರೆ, ಮಡಚಿ ಬಿಗಿದ ಬೆರಳು ಸಡಿಲವಾಗಲಿ ಅಂತ. ಅದು ಯಂತ್ರದ ಕೆಲಸ, ಅದೂ ಕೈಬೆರಳಿಗೆ. ನಮ್ಮ ಮನೆಯದಕ್ಕೆ ಅದನ್ನು ಪುರಾವೆ ಅಂತ ಹಿಡಿಯಬಾರದು.

ಸೆಳೆತ ಎಷ್ಟು ಸಲ ಬಂತು ಅಂತ ಅಳೆಯುವ ಪೆನ್ (Penn) ಸ್ಕೇಲ್ ಪ್ರಕಾರ ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ: ಸೆಳೆತವೇ ಇಲ್ಲದಿದ್ದರೆ 0, ಗಂಟೆಗೆ 10ಕ್ಕಿಂತ ಜಾಸ್ತಿ ಬಂದರೆ 4. ಅಭ್ಯಾಸದ ನಂತರ ಹೆಚ್ಚಿನ ದಿನ 3 ಇದ್ದದ್ದು 2ಕ್ಕೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಏರುತ್ತದೆ. ಸಿಗುವುದು ಒಂದಷ್ಟು ಹೊತ್ತಿನ ಆರಾಮ ಅಷ್ಟೇ, ಆದರೆ ಆ ಹೊತ್ತಿನಲ್ಲೇ ಸ್ನಾನ, ಬಟ್ಟೆ, ಕುರ್ಚಿ ಎಲ್ಲಾ ಮುಗಿಯುತ್ತದೆ, ವೈನಿಯವರ ಸೊಂಟಕ್ಕೂ ಅಷ್ಟು ಭಾರ ಬೀಳಲ್ಲ. ನಮಗೆ ಇದು ದೊಡ್ಡದು.

ಕಳೆದ ವಾರ ಏನು ಮಾಡಿದರೂ 4 ಇಳಿಯಲಿಲ್ಲ. ಮೂತ್ರ ಕದಡಿತ್ತು, ಟೆಸ್ಟ್ ಮಾಡಿಸಿದರೆ ಇನ್‌ಫೆಕ್ಷನ್. ಮಲಬದ್ಧತೆ, ಒತ್ತಿ ಆದ ಹುಣ್ಣು, ಬಿಗಿಯಾದ ಶೂ, ಒಳಗೆ ಬೆಳೆದ ಉಗುರು, ಇವೂ ಹೀಗೇ ಸೆಳೆತ ಏರಿಸುತ್ತವೆ. ಸೊಂಟದ ಕೆಳಗಿನ ನೋವು ಅವನಿಗೆ ಗೊತ್ತಾಗುವುದಿಲ್ಲ ಅಲ್ವಾ, ಸೆಳೆತ ನೋಡಿಯೇ ಹುಡುಕಬೇಕು. ಇನ್ನೊಂದು ಮಾತು, ಉಸಿರಿನಿಂದ ಹಗುರಾಯಿತು ಅಂತ ಸ್ನಾಯು ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು ದಿಢೀರ್ ಅಂತ ಬಿಡಬೇಡಿ, ಫಿಟ್ಸ್ ಬರುವ ಅಪಾಯ ಇದೆ.

ಆಂಟಿಬಯಾಟಿಕ್ ಮುಗಿದ ಮೇಲೆ ಮತ್ತೆ 3ಕ್ಕೆ ಬಂದಿದ್ದೇವೆ. ಇನ್ನು ಮೇಲೆ ಮಧ್ಯಾಹ್ನವೂ ಒಂದು ಸುತ್ತು, ಕುರ್ಚಿಯಲ್ಲಿ ಕೂತಲ್ಲೇ. ಫಿಸಿಯೋ ಬಂದಾಗ ಅಭ್ಯಾಸದ ಮುಂಚೆ ಒಮ್ಮೆ, ನಂತರ ಒಮ್ಮೆ ಬಿಗಿತ ಅಳೆಯಲು ಕೇಳಿದ್ದೇವೆ, ನನ್ನ ಅಂದಾಜಿಗಿಂತ ಅವರ ಕೈ ವಾಸಿ.